ಹಸುವಿಗೆ ತೂಗಿ ಹಾಕುವ ಕೈ ತನ್ನ ತಟ್ಟೆಯನ್ನೂ ನೋಡಲಿ



ಕೊಟ್ಟಿಗೆಯಲ್ಲಿ ಹಸು ಒಂದು ಹೊತ್ತು ಮೇವು ಬಿಟ್ಟರೆ ಮನೆಮಂದಿಯೆಲ್ಲ ಎಚ್ಚೆತ್ತುಕೊಳ್ಳುತ್ತೇವೆ. ಮೂಗು ಒಣಗಿದೆಯೇ, ಮೈ ಬಿಸಿಯಾಗಿದೆಯೇ, ಮೆಲುಕು ಹಾಕುತ್ತಿದೆಯೇ ಎಂದು ನೋಡುತ್ತೇವೆ. ಸಂಘದ ಕಾರ್ಯದರ್ಶಿಗೆ ಹೇಳಿ ಪಶುವೈದ್ಯರಿಗೆ ಫೋನ್ ಮಾಡಿಸುತ್ತೇವೆ. ಅದೇ ಹಸುವಿನ ಹಾಲು ಕರೆಯುವ ಹೆಣ್ಣುಮಗಳು ಬೆಳಗಿನ ತಿಂಡಿ ಬಿಟ್ಟರೆ ಯಾರ ಗಮನಕ್ಕೂ ಬರುವುದಿಲ್ಲ. ಎಷ್ಟೋ ದಿನ ಅವಳ ಗಮನಕ್ಕೇ ಬರುವುದಿಲ್ಲ.

ನಸುಕಿನಲ್ಲಿ ಎದ್ದು ಸಗಣಿ ಬಾಚಿ, ಹಾಲು ಕರೆದು ಡೈರಿಗೆ ಹಾಕಿ ಬರುವಷ್ಟರಲ್ಲಿ ಎರಡು ಲೋಟ ಟೀ ಆಗಿರುತ್ತದೆ. ಮಕ್ಕಳಿಗೆ ತಿಂಡಿ ಮಾಡಿ ಕಳಿಸಿ, ಮನೆಯವರಿಗೆ ಬಡಿಸಿ ತಾನು ಕೂರುವಾಗ ಹತ್ತು ಗಂಟೆ. ಪಾತ್ರೆಯಲ್ಲಿ ಉಳಿದದ್ದೇ ಪಾಲು. ಮಧ್ಯಾಹ್ನ ಹೊಲದಲ್ಲಿ ಮೇವು ಕೊಯ್ದು ಹೊತ್ತು ತರಬೇಕು, ಸಂಜೆ ಮತ್ತೆ ಹಾಲು ಕರೆಯಬೇಕು. "ಯಾಕೋ ಸುಸ್ತು, ಸೊಂಟ ನೋವು, ಮಂಡಿ ಹಿಡಿದುಕೊಳ್ಳುತ್ತದೆ" ಎಂಬ ಮಾತು ಪ್ರತಿ ಹಾಲಿನ ಸಂಘದ ಮುಂದೆಯೂ ಕೇಳಿಬರುತ್ತದೆ. ವಯಸ್ಸಾಯಿತು ಎಂದು ಬಿಟ್ಟುಬಿಡುವ ಈ ತೊಂದರೆಗಳಲ್ಲಿ ಕೆಲವಕ್ಕೆ ಕಾರಣ ನಮ್ಮ ತಟ್ಟೆಯಲ್ಲೇ ಇರುತ್ತದೆ.

ಹಸುವಿಗೆ ಲೆಕ್ಕವಿದೆ, ನಮಗೆ?

ಪ್ರತಿ ಲೀಟರ್ ಹಾಲಿಗೆ ಹಸುವಿಗೆ ಸುಮಾರು 400 ಗ್ರಾಂ ಪಶು ಆಹಾರ ಕೊಡಬೇಕು, ಮೈ ಕಾಪಾಡಿಕೊಳ್ಳಲು ಅದರ ಮೇಲೆ ಇನ್ನಷ್ಟು ಬೇಕು ಎಂಬುದು ನಿಮಗೆಲ್ಲ ಗೊತ್ತು. ಹಸಿರು ಮೇವು, ಒಣ ಮೇವು, ಖನಿಜ ಮಿಶ್ರಣ ಎಲ್ಲವೂ ಬೇಕು. ಬರೀ ಹುಲ್ಲು ಹಾಕಿ ಹಾಲು ಬಯಸಿದರೆ ಹಸು ಕೆಲವು ದಿನ ತನ್ನ ಮೈ ಕರಗಿಸಿ ಹಾಲು ಕೊಡುತ್ತದೆ. ಆಮೇಲೆ ಸೊರಗುತ್ತದೆ, ಬೆದೆಗೂ ಬರುವುದಿಲ್ಲ.

ನಮ್ಮ ಮೈಯದೂ ಇದೇ ಕಥೆ. ಹೊಟ್ಟೆ ತುಂಬ ಅನ್ನ, ಮೇಲೆ ತಿಳಿಸಾರು ಉಂಡರೆ ಹಸಿವು ಹೋಗುತ್ತದೆ. ಆದರೆ ರಕ್ತಕ್ಕೆ ಬೇಕಾದ ಕಬ್ಬಿಣಾಂಶ, ಮೂಳೆಗೆ ಬೇಕಾದ ಸುಣ್ಣದಂಶ (ಕ್ಯಾಲ್ಸಿಯಂ), ಮಾಂಸಖಂಡಕ್ಕೆ ಬೇಕಾದ ಪ್ರೋಟೀನ್ ಸಾಕಷ್ಟು ಸಿಗುವುದಿಲ್ಲ. ಒಳ್ಳೆಯ ಸುದ್ದಿ ಏನೆಂದರೆ, ಇವುಗಳಲ್ಲಿ ಬಹುಪಾಲು ನಮ್ಮ ಹೊಲ, ಹಿತ್ತಲು, ಕೊಟ್ಟಿಗೆಯಲ್ಲೇ ಇವೆ.

ಮೊದಲು ರಕ್ತದ ವಿಚಾರ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಪ್ರತಿ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಅಂದರೆ ಸಂಘದಲ್ಲಿ ಹಾಲು ಹಾಕಲು ಸಾಲಿನಲ್ಲಿ ನಿಂತವರಲ್ಲಿ ಹತ್ತಿರ ಹತ್ತಿರ ಇಬ್ಬರಿಗೆ ಒಬ್ಬರು.

ಪಶುವೈದ್ಯರು ದನದ ಕಣ್ಣಿನ ಕೆಳರೆಪ್ಪೆ ಎಳೆದು ನೋಡುವುದನ್ನು ನೋಡಿದ್ದೀರಿ. ಒಳಗೆ ಕೆಂಪಗಿರಬೇಕಾದದ್ದು ಬಿಳಿಚಿದ್ದರೆ ರಕ್ತ ಕಡಿಮೆ ಎಂದು ಅನುಮಾನಿಸುತ್ತಾರೆ. ಕನ್ನಡಿ ಮುಂದೆ ನಿಂತು ನೀವೂ ಹಾಗೆಯೇ ನೋಡಿಕೊಳ್ಳಬಹುದು. ಆದರೆ ಖಚಿತವಾಗುವುದು ರಕ್ತ ಪರೀಕ್ಷೆಯಿಂದ ಮಾತ್ರ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ, ಗರ್ಭಿಣಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ, ಅದು ರಕ್ತಹೀನತೆ. ಮೆಟ್ಟಿಲು ಹತ್ತಿದರೆ ಏದುಸಿರು, ತಲೆ ಸುತ್ತು, ಕೆಲಸದ ಮೇಲೆ ಮನಸ್ಸಿಲ್ಲದಿರುವುದು ಇದರ ಲಕ್ಷಣಗಳು.

ಕಬ್ಬಿಣಾಂಶ ಸಿಗುವ ಆಹಾರ ನಮ್ಮಲ್ಲಿ ಹೊಸದಲ್ಲ. ಹುರುಳಿ, ಅಲಸಂದೆ, ಕಡಲೆ, ಹೆಸರುಕಾಳು, ನುಗ್ಗೆಸೊಪ್ಪು, ದಂಟು, ಕೀರೆ ಮೊದಲಾದ ಸೊಪ್ಪುಗಳು, ಎಳ್ಳು, ಹುಚ್ಚೆಳ್ಳು. ನಮ್ಮ ಬಸ್ಸಾರನ್ನೇ ನೋಡಿ: ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಸಾರು, ಬೆಂದದ್ದರಲ್ಲಿ ಪಲ್ಯ. ಬೇಯಿಸಿದ ನೀರು ಚೆಲ್ಲುವುದಿಲ್ಲ, ಅದಕ್ಕೇ ಸತ್ವ ವ್ಯರ್ಥವಾಗುವುದಿಲ್ಲ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಅದರಲ್ಲಿರುವ ಕಬ್ಬಿಣಾಂಶ ಮೈಗೆ ಇನ್ನೂ ಸುಲಭವಾಗಿ ಸೇರುತ್ತದೆ. ಒಗ್ಗರಣೆ, ಪಲ್ಯಕ್ಕೆ ಹಳೆಯ ಕಬ್ಬಿಣದ ಬಾಣಲೆ ಬಳಸಿದರೆ ಅದೂ ಲಾಭವೇ.

ಮಾಂಸದೂಟ ಮಾಡುವ ಮನೆಗಳಲ್ಲಿ ಇನ್ನೊಂದು ಮಾತು. ಮಾಂಸ, ಲಿವರ್, ಮೀನಿನಲ್ಲಿರುವ ಕಬ್ಬಿಣಾಂಶ ಬೇಗ ಮೈಗೆ ಹತ್ತುತ್ತದೆ. ಆದರೆ ತುಂಡುಗಳನ್ನೆಲ್ಲ ಗಂಡಸರಿಗೆ, ಮಕ್ಕಳಿಗೆ ಬಡಿಸಿ ಕೊನೆಗೆ ಬರೀ ಸಾರು ಉಳಿಸಿಕೊಳ್ಳುವವರೇ ಹೆಚ್ಚು. ಬಡಿಸುವ ಮೊದಲೇ ನಿಮ್ಮ ಪಾಲನ್ನು ಬೇರೆ ಬಟ್ಟಲಿಗೆ ತೆಗೆದಿಡಿ. ಅದು ಸ್ವಾರ್ಥವಲ್ಲ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಬ್ಬಿಣಾಂಶ ಬೇಕಾಗಿರುವುದು ಮುಟ್ಟಾಗುವ, ಬಸುರಿ, ಬಾಣಂತಿ ಹೆಂಗಸರಿಗೇ.

ಬೆಲ್ಲ ತಿಂದರೆ, ಬೀಟ್‌ರೂಟ್ ತಿಂದರೆ ರಕ್ತ ಬರುತ್ತದೆ ಎಂಬ ಮಾತಿದೆ. ಬೀಟ್‌ರೂಟ್ ಕೆಂಪಗಿದೆ ಅಷ್ಟೇ, ಅದರಲ್ಲಿ ಕಬ್ಬಿಣಾಂಶ ಹೆಚ್ಚಿಲ್ಲ. ನಾವು ತಿನ್ನುವ ಒಂದು ತುಂಡು ಬೆಲ್ಲದಿಂದ ಸಿಗುವುದೂ ಅಲ್ಪ. ತಿನ್ನಬಾರದು ಎಂದಲ್ಲ, ಅದನ್ನೇ ನಂಬಿ ಕೂರಬಾರದು.

ಟೀ ಕುಡಿಯುವ ಹೊತ್ತು, ನಿಂಬೆ ಹಿಂಡುವ ಹೊತ್ತು

ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಸೇರುವುದು ಸ್ವಲ್ಪ ಕಷ್ಟ. ಅದನ್ನು ಕೆಡಿಸುವುದು ಟೀ, ಕಾಫಿ. ಟೀಯಲ್ಲಿರುವ ಒಗರು ಕಬ್ಬಿಣಾಂಶವನ್ನು ಹಿಡಿದುಕೊಂಡು ಹಾಗೇ ಹೊರಗೆ ಹಾಕಿಸುತ್ತದೆ. ಆದ್ದರಿಂದ ಊಟ-ತಿಂಡಿಗೆ ಒಂದು ಗಂಟೆ ಮುಂಚೆ, ಒಂದು ಗಂಟೆ ನಂತರ ಟೀ ಬೇಡ. ಟೀ ಬಿಡಬೇಕಿಲ್ಲ, ಹೊತ್ತು ಬದಲಿಸಿದರೆ ಸಾಕು.

ಅದನ್ನು ಸುಲಭ ಮಾಡುವುದು ಹುಳಿ ಹಣ್ಣುಗಳಲ್ಲಿರುವ ವಿಟಮಿನ್ ಸಿ. ಊಟದ ತಟ್ಟೆಗೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ, ನೆಲ್ಲಿಕಾಯಿ ಚಟ್ನಿ ಮಾಡಿ, ಊಟದ ಜೊತೆ ಒಂದು ಸೀಬೆಹಣ್ಣು ತಿನ್ನಿ. ಕಾಯಿಸಿದರೆ ಈ ಸತ್ವ ಕಡಿಮೆಯಾಗುತ್ತದೆ, ಹಾಗಾಗಿ ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಾಕಿ. ಇದಕ್ಕೆ ಹೆಚ್ಚಿನ ಖರ್ಚೂ ಇಲ್ಲ.

ಮೂಳೆಗೆ ಸುಣ್ಣದಂಶ

ಕರು ಹಾಕಿದ ಹಸು ಏಳಲಾರದೆ ಕುತ್ತಿಗೆ ತಿರುಗಿಸಿ ಮಲಗಿಬಿಟ್ಟರೆ ವೈದ್ಯರು ಹಾಲುಜ್ವರ ಎಂದು ಕ್ಯಾಲ್ಸಿಯಂ ಬಾಟಲಿ ಹಾಕುತ್ತಾರೆ. ಹಾಲಿಗೆ ಹರಿದುಹೋದಷ್ಟು ಸುಣ್ಣದಂಶ ರಕ್ತದಲ್ಲಿ ಉಳಿದಿರುವುದಿಲ್ಲ. ಹೆಂಗಸರಲ್ಲಿ ಹೀಗೆ ಒಮ್ಮೆಲೇ ಆಗುವುದು ಅಪರೂಪ. ಊಟದಲ್ಲಿ ಕಡಿಮೆಯಾದ ಸುಣ್ಣದಂಶವನ್ನು ಮೈ ಸದ್ದಿಲ್ಲದೆ ಮೂಳೆಯಿಂದ ತೆಗೆದುಕೊಳ್ಳುತ್ತದೆ. ಮುಟ್ಟು ನಿಂತ ಮೇಲೆ ಮೂಳೆ ಇನ್ನೂ ಬೇಗ ಸವೆಯುತ್ತದೆ. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಕೈ ಮುರಿದಾಗಲೇ ಅದು ಗೊತ್ತಾಗುವುದು.

ದೊಡ್ಡ ಹೆಂಗಸಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಸುಣ್ಣದಂಶ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಷ್ಟು ಹಿಟ್ಟಿನ ಎರಡು ಮುದ್ದೆ ಉಂಡರೆ 700. ಒಂದು ದೊಡ್ಡ ಲೋಟ (200 ಮಿ.ಲೀ.) ಹಾಲಿನಲ್ಲಿ ಸುಮಾರು 240. ಉಳಿದದ್ದನ್ನು ನುಗ್ಗೆಸೊಪ್ಪು, ಎಳ್ಳಿನ ಚಟ್ನಿ ತುಂಬಿಸುತ್ತವೆ. ರಾಗಿಯಲ್ಲಿರುವುದೆಲ್ಲ ಮೈಗೆ ಸೇರುವುದಿಲ್ಲ, ಹಾಲಿನದು ಹೆಚ್ಚು ಸುಲಭವಾಗಿ ಸೇರುತ್ತದೆ. ಆದ್ದರಿಂದ ಎರಡೂ ಇರಲಿ. ರಾಗಿಯನ್ನು ಮೊಳಕೆ ಬರಿಸಿ ಹಿಟ್ಟು ಮಾಡಿಸುವುದು, ಅಂಬಲಿಯನ್ನು ರಾತ್ರಿಯಿಡೀ ಹುಳಿ ಬರಿಸುವುದು ನಮ್ಮ ಹಿರಿಯರ ಪದ್ಧತಿ. ಇವುಗಳಿಂದ ರಾಗಿಯ ಸತ್ವ ಮೈಗೆ ಹೆಚ್ಚು ಸೇರುತ್ತದೆ. ಮುದ್ದೆ ಬಿಟ್ಟು ಮೂರು ಹೊತ್ತೂ ಅನ್ನಕ್ಕೆ ಬಂದ ಮನೆಗಳು ಕಳೆದುಕೊಂಡದ್ದು ಇದನ್ನೇ. ಜೋಳದ ರೊಟ್ಟಿ ಉಣ್ಣುವ ಕಡೆ ರಾಗಿಯಷ್ಟು ಸುಣ್ಣದಂಶ ಸಿಗುವುದಿಲ್ಲ. ಅಲ್ಲಿ ಎಳ್ಳಿನ ಪುಡಿ, ಸೊಪ್ಪಿನ ಪಲ್ಯ, ಮೊಸರು ತಪ್ಪಬಾರದು.

ಮನೆಗೆ ಎತ್ತಿಡುವ ಹಾಲು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 300 ಮಿ.ಲೀ. ಹಾಲು ಅಥವಾ ಮೊಸರು ಸೂಚಿಸುತ್ತದೆ. ಹತ್ತು ಲೀಟರ್ ಕರೆಯುವ ಮನೆಯಲ್ಲೂ ಹೆಂಗಸಿನ ಪಾಲು ಟೀಗೆ ಬೀಳುವ ಎರಡು ಚಮಚ ಮಾತ್ರ ಆಗಿರುವುದುಂಟು. ಬಟವಾಡೆಯ ಹಣದ ಮೇಲೆ ಸಾಲದ ಕಂತು, ಮಕ್ಕಳ ಫೀಸು, ಹಿಂಡಿ-ಬೂಸಾ ಎಲ್ಲ ನಿಂತಿರುವಾಗ ಹಾಲು ಉಳಿಸಿಕೊಳ್ಳಿ ಎನ್ನುವುದು ಸುಲಭ, ಮಾಡುವುದು ಕಷ್ಟ ಎಂಬುದು ನಮಗೂ ಗೊತ್ತು. ಅದಕ್ಕೇ ಇಷ್ಟು ಮಾಡಿ: ಡೈರಿಗೆ ಹೊರಡುವ ಮುನ್ನ ಮೊದಲು ಮನೆಯ ಪಾತ್ರೆಗೆ ಹಾಕಿ, ಆಮೇಲೆ ಕ್ಯಾನಿಗೆ. ಉಳಿದರೆ ನೋಡೋಣ ಎಂದರೆ ಎಂದೂ ಉಳಿಯುವುದಿಲ್ಲ.

ಹಾಲು ಕುಡಿಯಲಾಗದವರಿಗೆ ಮಜ್ಜಿಗೆ ಇದೆ. ಬೆಣ್ಣೆ ತೆಗೆದರೂ ಮೊಸರಿನ ಪ್ರೋಟೀನ್, ಸುಣ್ಣದಂಶದ ಬಹುಪಾಲು ಮಜ್ಜಿಗೆಯಲ್ಲೇ ಉಳಿಯುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೂ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ.

ಹಾಲು ಒಕ್ಕೂಟದ ಪತ್ರಿಕೆಯಾದರೂ ಒಂದು ಮಾತು ಹೇಳಲೇಬೇಕು. ಹಾಲಿನಲ್ಲಿ ಕಬ್ಬಿಣಾಂಶ ತೀರ ಕಡಿಮೆ. ರಕ್ತ ಕಡಿಮೆ ಇರುವವರು ಹಾಲು ಕುಡಿದರೆ ಸರಿಹೋಗುತ್ತದೆ ಎಂದುಕೊಳ್ಳಬಾರದು. ಕಬ್ಬಿಣಾಂಶದ ಮಾತ್ರೆಯನ್ನು ಹಾಲಿನ ಜೊತೆ, ಟೀ ಜೊತೆ ನುಂಗಬಾರದು. ನೀರು ಅಥವಾ ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ.

ಇನ್ನು ಹಸಿ ಹಾಲು. ಕೆಚ್ಚಲಿನಿಂದ ಕರೆದ ನೊರೆ ಹಾಲು ಒಳ್ಳೆಯದೆಂದು ಹಾಗೇ ಕುಡಿಯುವ ರೂಢಿ ಕೆಲವೆಡೆ ಇದೆ. ದನಗಳು ಕಂದು ಹಾಕಲು ಕಾರಣವಾಗುವ ಬ್ರುಸೆಲ್ಲೋಸಿಸ್ ರೋಗ ಹಸಿ ಹಾಲಿನಿಂದ ಮನುಷ್ಯರಿಗೂ ಬರುತ್ತದೆ. ಬಿಟ್ಟು ಬಿಟ್ಟು ಜ್ವರ, ಕೀಲುನೋವು ಕಾಡುತ್ತದೆ. ಹಾಲನ್ನು ಉಕ್ಕುವವರೆಗೂ ಕಾಯಿಸಿಯೇ ಕುಡಿಯಿರಿ. ಕಂದು ಹಾಕಿದ ಹಸುವನ್ನು, ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಎದೆ ಉರಿ, ಮಲಬದ್ಧತೆ, ಉರಿಮೂತ್ರ

ಈ ಮೂರನ್ನೂ ಹೇಳಿಕೊಳ್ಳಲು ಹೆಂಗಸರು ಹಿಂಜರಿಯುತ್ತಾರೆ. ಖಾಲಿ ಹೊಟ್ಟೆಯಲ್ಲಿ ಮೇಲಿಂದ ಮೇಲೆ ಟೀ, ಹಸಿವು ಮರೆಸಲು ಎಲೆಅಡಿಕೆ, ತಡವಾಗಿ ಒಮ್ಮೆಲೇ ಖಾರದ ಊಟ, ಉಂಡ ಕೂಡಲೇ ಮಲಗುವುದು, ಇವುಗಳಿಂದ ಎದೆ ಉರಿ ಹೆಚ್ಚುತ್ತದೆ. ಕೊಟ್ಟಿಗೆ ಕೆಲಸಕ್ಕೆ ಇಳಿಯುವ ಮುನ್ನ ಒಂದು ಲೋಟ ಅಂಬಲಿ, ಇಲ್ಲವೇ ಬಾಳೆಹಣ್ಣು, ನೆನೆಸಿದ ಒಂದು ಹಿಡಿ ಕಡಲೆಬೀಜ ತಿಂದುಕೊಳ್ಳಿ. ಎಲೆಅಡಿಕೆಯ ಸುಣ್ಣ ಮೂಳೆಗೆ ಒಳ್ಳೆಯದೆಂದು ಸಮಾಧಾನ ಹೇಳಿಕೊಳ್ಳಬೇಡಿ. ಅಡಿಕೆ, ಹೊಗೆಸೊಪ್ಪು ಎರಡೂ ಬಾಯಿ ಕ್ಯಾನ್ಸರಿಗೆ ದಾರಿ.

ಹೊಲದಲ್ಲಿ ಶೌಚಕ್ಕೆ ಮರೆ ಇಲ್ಲವೆಂದು ನೀರನ್ನೇ ಕುಡಿಯದೆ ಇರುವವರು ಬಹಳ. ಮಲಬದ್ಧತೆ, ಉರಿಮೂತ್ರಕ್ಕೆ ಇದೊಂದು ದೊಡ್ಡ ಕಾರಣ. ಹಾಲು ಕೊಡುವ ಹಸುವಿನ ಮುಂದೆ ಸದಾ ನೀರಿಡುತ್ತೀರಿ. ಮೇವಿಗೆ ಹೋಗುವಾಗ ನಿಮಗೂ ಒಂದು ಬಾಟಲಿ ನೀರು ಕಟ್ಟಿಕೊಳ್ಳಿ. ರಾಗಿ, ಸೊಪ್ಪು, ಸಿಪ್ಪೆ ಸಮೇತದ ಕಾಳುಗಳಲ್ಲಿ ನಾರಿನಂಶವಿದ್ದು ಹೊಟ್ಟೆ ಸಲೀಸಾಗುತ್ತದೆ.

ಆಹಾರವೊಂದೇ ಸಾಲದಾಗ

ರಕ್ತ ತೀರ ಕಡಿಮೆಯಾದ ಮೇಲೆ ಸೊಪ್ಪು, ಕಾಳಿನಿಂದಲೇ ತುಂಬಿಸಿಕೊಳ್ಳಲಾಗದು, ಮಾತ್ರೆ ಬೇಕೇ ಬೇಕು. ಆಶಾ ಕಾರ್ಯಕರ್ತೆಯರನ್ನು ಕೇಳಿ, ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿ ರಕ್ತ ಪರೀಕ್ಷೆಗೂ, ಕಬ್ಬಿಣಾಂಶದ ಮಾತ್ರೆಗೂ ದುಡ್ಡು ಕೊಡಬೇಕಿಲ್ಲ. ಮಾತ್ರೆಯಿಂದ ಮಲ ಕಪ್ಪಾದರೆ ಹೆದರಿ ಬಿಡಬೇಡಿ, ಅದು ಸಹಜ. ಬಯಲು ಶೌಚ ಇರುವ ಕಡೆ ಬರಿಗಾಲಲ್ಲಿ ನಡೆದರೆ ಕೊಕ್ಕೆಹುಳು ಮೈ ಸೇರಿ ರಕ್ತ ಹೀರುತ್ತದೆ. ಚಪ್ಪಲಿ ಹಾಕಿಕೊಳ್ಳಿ, ಜಂತುಹುಳುವಿನ ಮಾತ್ರೆಯ ಬಗ್ಗೆಯೂ ಕೇಳಿ. ಮುಟ್ಟಿನಲ್ಲಿ ಅತಿಯಾದ ಸ್ರಾವ, ಕುಳಿತಲ್ಲೇ ಏದುಸಿರು, ಹಲವು ವಾರ ಬಿಡದ ಎದೆ ಉರಿ, ಮಲದಲ್ಲಿ ರಕ್ತ ಕಂಡರೆ ಮನೆಮದ್ದು ಸಾಕು, ವೈದ್ಯರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ಊಟ ಬದಲಿಸುವ ಮುನ್ನ ವೈದ್ಯರನ್ನು ಕೇಳಿ.

ಗೋಡೆಗೆ ಅಂಟಿಸಿಕೊಳ್ಳಿ

- ಹಾಲು ಕರೆಯುವ ಮುನ್ನ: ಒಂದು ಲೋಟ ನೀರು, ಅಂಬಲಿ ಅಥವಾ ಬಾಳೆಹಣ್ಣು.
- ಡೈರಿಗೆ ಹೊರಡುವ ಮುನ್ನ: ಮನೆಯ ಹಾಲು ಮೊದಲು, ಕ್ಯಾನು ಆಮೇಲೆ.
- ತಿಂಡಿ: ಎಂಟೂವರೆಯೊಳಗೆ, ಮಕ್ಕಳ ಜೊತೆಯಲ್ಲೇ. ಟೀ ಒಂದು ಗಂಟೆ ಬಿಟ್ಟು.
- ಮಧ್ಯಾಹ್ನ: ಮುದ್ದೆ, ಸೊಪ್ಪು-ಕಾಳಿನ ಸಾರು, ಮೇಲೆ ನಿಂಬೆ ಹುಳಿ.
- ಮೇವಿಗೆ ಹೋಗುವಾಗ: ನೀರಿನ ಬಾಟಲಿ, ಕಾಲಿಗೆ ಚಪ್ಪಲಿ.
- ಸಂಜೆ: ಹುರಿಗಡಲೆ, ಕಡಲೆಬೀಜ ಅಥವಾ ಎಳ್ಳುಂಡೆ.
- ರಾತ್ರಿ: ಬೇಗ ಊಟ, ಮಲಗುವ ಮುನ್ನ ಕಾಯಿಸಿದ ಹಾಲು.

ಇವನ್ನೆಲ್ಲ ನಾಳೆಯೇ ಮಾಡಬೇಕಿಲ್ಲ. ಮೊದಲ ವಾರ ಟೀ ಹೊತ್ತು ಬದಲಿಸಿ, ಎರಡನೇ ವಾರ ಹಾಲು ಎತ್ತಿಡಿ. ಸಂಘದಲ್ಲಿ ನಾಲ್ಕು ಜನ ಸೇರಿದಾಗ ಒಟ್ಟಾಗಿ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಹಾಲಿನ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ದಿನಕ್ಕೆರಡು ಸಲ ಕೇಳುವ ನಮಗೆ ನಮ್ಮ ಹಿಮೋಗ್ಲೋಬಿನ್ ಎಷ್ಟೆಂಬುದೂ ಗೊತ್ತಿರಲಿ.