ಎರಡು ಹಗಲು ಸಿಗುತ್ತೆ, ಅಜ್ಜ-ಅಜ್ಜಿ ಜೊತೆ ಎಲ್ಲಿಗೆ ಹೋಗೋದು?

ಶುಕ್ರವಾರ ಸಂಜೆ ಬೆಂಗಳೂರು ಬಿಟ್ಟ ಪಂಚಗಂಗಾ ಎಕ್ಸ್‌ಪ್ರೆಸ್ ಶನಿವಾರ ಬೆಳಗ್ಗೆ ಬಾರ್ಕೂರು, ಕುಂದಾಪುರ, ಬೈಂದೂರಿನಲ್ಲಿ ಮೊಮ್ಮಕ್ಕಳನ್ನ ಇಳಿಸುತ್ತೆ. ಭಾನುವಾರ ರಾತ್ರಿ ವಾಪಸ್. ನಡುವೆ ಎರಡೇ ಹಗಲು. ಈ ಲೆಕ್ಕ ಅಜ್ಜ-ಅಜ್ಜಿಗೆ ಬಾಯಿಪಾಠ.

ಹಾಗಂತ ಹತ್ತು ಜಾಗ ತುರುಕಬೇಡಿ. ಅಜ್ಜಿಯ ಮಂಡಿಗೂ ನಾಲ್ಕು ವರ್ಷದ ಮಗುವಿಗೂ ಬೆಳಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ಸಾಕು. ಮಧ್ಯಾಹ್ನ ಮನೆಯಲ್ಲೇ ಊಟ, ನಿದ್ದೆ.

ಎಲ್ಲರೂ ಮೊದಲು ಹೇಳೋದು ಮರವಂತೆ. ಹೆದ್ದಾರಿ 66ರ ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ಫೋಟೋಗೆ ಚೆಂದ, ಆದ್ರೆ ನಡುವೆ ಓಡೋದು ಲಾರಿ, ಬಸ್ಸು! ಮಗು ಕಡಲಿಂದ ನದಿ ಕಡೆಗೆ ಓಡಿದ್ರೆ ಅಜ್ಜನಿಂದ ಹಿಡಿಯೋಕಾಗಲ್ಲ. ಅಲ್ಲಿ ಮಗುವಿನ ಕೈ ಹಿಡಿಬೇಕಾದವರು ನೀವು, ಫೋನ್ ಜೇಬಲ್ಲಿರಲಿ. ಮಳೆಗಾಲದಲ್ಲಂತೂ ನೀರಿಗಿಳಿಯೋ ಮಾತೇ ಬೇಡ. ಕಡಲು ನೋಡ್ತಾ ಬೆಳೆದ ಅಜ್ಜ 'ಸಾಕು' ಅಂದ್ರೆ ವಾದ ಮಾಡದೆ ಬಂದುಬಿಡಿ.

ಬ್ರಹ್ಮಾವರ ಕಡೆಯವರಿಗೆ ಕೋಟದ ಕಾರಂತ ಥೀಮ್ ಪಾರ್ಕ್ ಹತ್ತಿರ. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ್ದು ಕೋಟದಲ್ಲೇ. ಮಕ್ಕಳಿಗೂ ವಿಜ್ಞಾನ ಬರೆದವರು. ಅವರನ್ನ ಓದಿದ ಅಜ್ಜ ಸಿಕ್ಕರೆ ಗೈಡ್ ಬೇಡ.

ನವೆಂಬರ್‌ನಿಂದ ಮೇ ಒಳಗೆ ಬಂದ್ರೆ ರಾತ್ರಿ ಯಕ್ಷಗಾನ ಉಂಟು. ಇಲ್ಲಿ 'ಆಟ' ಅಂದ್ರೆ ಅದೇ. ಚಂಡೆ ಶುರುವಾದಾಗ ಕಣ್ಣರಳಿಸಿ ಕೂತ ಮಗು ಅರ್ಧ ಗಂಟೆಗೆ ಅಜ್ಜಿಯ ತೊಡೆ ಮೇಲೆ. ಮಲಗಲಿ ಬಿಡಿ. ಹೊತ್ತಾದಾಗ ಅಜ್ಜನೇ ಎಬ್ಬಿಸ್ತಾರೆ: "ಏಳ್ ಮಗಾ, ಕಾಣ್, ಬಣ್ಣದ ವೇಷ ಬಂತ್!"