ಹಳೆಯ ವಾಹನಕ್ಕೆ ಟ್ರೇಲರು ಹೂಡುವ ಮುನ್ನ

ಎತ್ತಿನ ಗಾಡಿಗೆ ಹೊರೆ ಹೇರುವವರನ್ನು ನೀವು ನೋಡಿರಬಹುದು. ಮೂಟೆಗಳನ್ನೆಲ್ಲ ಪೇರಿಸಿದ ಮೇಲೆ ಗಾಡಿಯವನು ಮೂಕಿಯನ್ನು ಕೈಯಿಂದ ಎತ್ತಿ ತೂಗಿ ನೋಡುತ್ತಾನೆ. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳಿನ ಹಗ್ಗ ಬಿಗಿಯುತ್ತದೆ. ಮುಂಭಾರ ಮಿತಿಮೀರಿದರೆ ಎತ್ತಿನ ಹೆಗಲು ಬಾತುಕೊಳ್ಳುತ್ತದೆ. ಆದುದರಿಂದ ಹೊರೆಯ ಭಾರಕೇಂದ್ರವು ಅಚ್ಚಿಗಿಂತ ತುಸು ಮುಂದೆ ಬೀಳುವಂತೆ ಅವನು ಒಂದೆರಡು ಮೂಟೆಗಳನ್ನು ಸರಿಸುತ್ತಾನೆ. ಸನ್ನೆಕೋಲಿನ ನಿಯಮವನ್ನು ಅವನು ಪುಸ್ತಕದಲ್ಲಿ ಓದಿದವನಲ್ಲ. ಆದರೂ ಎತ್ತಿಗೆ ಬದಲಾಗಿ ಮೋಟಾರು ವಾಹನವನ್ನು ಕಟ್ಟುವವರು ಅವನಿಂದ ಕಲಿಯಬೇಕಾದದ್ದು ಬಹಳವಿದೆ.

ಭದ್ರಾ ನದಿಯ ದಂಡೆಯಲ್ಲಿರುವ ಕಳಸದ ಸಮೀಪ ನನ್ನ ಸೋದರಮಾವನವರಿಗೆ ಸಣ್ಣದೊಂದು ಕಾಫಿ ತೋಟವಿದೆ. ಹಣ್ಣು ಕುಯ್ಲಿನ ದಿನಗಳಲ್ಲಿ ಮೂಟೆಗಳನ್ನು ತೋಟದ ತಗ್ಗಿನಿಂದ ಕಣಕ್ಕೂ, ಒಣಗಿದ ಮೇಲೆ ಪೇಟೆಗೂ ಸಾಗಿಸಬೇಕು. ಇದಕ್ಕಾಗಿ ಹಳೆಯ ಪಿಕಪ್ ಒಂದನ್ನು ಕೊಂಡು, ಅದಕ್ಕೆ ಎರಡು ಗಾಲಿಗಳ ಟ್ರೇಲರು ಹೂಡುವುದೆಂದು ಅವರು ನಿಶ್ಚಯಿಸಿದರು. ಮಾರಾಟಕ್ಕೆ ಎರಡು ವಾಹನಗಳಿದ್ದವು. ಒಂದು ಹೊಸ ಬಣ್ಣದಿಂದ ಥಳಥಳಿಸುತ್ತಿತ್ತು. ಅದರ ಎಂಜಿನ್ನಿನ ಸಾಮರ್ಥ್ಯವೂ ಹೆಚ್ಚು. ಆದರೆ ಅದರಲ್ಲಿ ಎಂಜಿನ್ನು ತಿರುಗಿಸುತ್ತಿದ್ದುದು ಹಿಂದಿನ ಎರಡು ಗಾಲಿಗಳನ್ನು ಮಾತ್ರ. ಇನ್ನೊಂದು ಹೆಚ್ಚು ಹಳೆಯದು, ಬಣ್ಣ ಮಾಸಿದ್ದು, ನಾಲ್ಕು ಗಾಲಿಗಳಿಗೂ ಚಾಲನೆ ಇದ್ದದ್ದು. “ಕಾಲೇಜಿನಲ್ಲಿ ಪಾಠ ಹೇಳಿದರೆ ಸಾಲದು ಮಾರಾಯ, ಇದರಲ್ಲಿ ಯಾವುದು ತಗೊಳ್ಳಲಿ ಹೇಳು” ಎಂದರು ಮಾವ. ನಾನು ಕಾಗದ ಪೆನ್ಸಿಲುಗಳನ್ನು ಕೈಗೆತ್ತಿಕೊಂಡೆ. ವಾಚಕರೂ ನನ್ನೊಡನೆ ಲೆಕ್ಕ ಹಾಕಬಹುದು.

ಚಾಲಕನೂ ಸೇರಿ ವಾಹನದ ತೂಕ 2,000 ಕಿಲೋಗ್ರಾಂ, ಹೊರೆ ಸಹಿತ ಟ್ರೇಲರಿನ ತೂಕ 1,000 ಕಿಲೋಗ್ರಾಂ ಎಂದಿರಲಿ. ದಾರಿಯು ಹತ್ತು ಮೀಟರಿಗೆ ಒಂದು ಮೀಟರಿನಂತೆ ಏರುತ್ತಿದ್ದರೆ, ಗುರುತ್ವಾಕರ್ಷಣೆಯು ಒಟ್ಟು ತೂಕದ ಹತ್ತನೆಯ ಒಂದು ಭಾಗದಷ್ಟು, ಅಂದರೆ 300 ಕಿಲೋಗ್ರಾಂ ತೂಕದಷ್ಟು ಬಲದಿಂದ ಅದನ್ನು ಹಿಂದಕ್ಕೆಳೆಯುತ್ತದೆ. ಗಾಲಿಗಳು ಉರುಳುವಾಗಿನ ತಡೆಗೆ 60 ಸೇರಿಸಿದರೆ 360 ಆಯಿತು. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಏರಲು ಇದಕ್ಕೆ ಬೇಕಾದ ಸಾಮರ್ಥ್ಯ ಸುಮಾರು 24 ಅಶ್ವಶಕ್ತಿ ಮಾತ್ರ! ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿಗೇ 60 ಅಶ್ವಶಕ್ತಿಯ ಎಂಜಿನ್ನಿತ್ತು. ಹೀಗಿರುವಾಗ ಎಂಜಿನ್ನಿನ ಬಲವನ್ನೇ ಮುಂದಿಟ್ಟುಕೊಂಡು ವಾಹನವನ್ನು ಆರಿಸುವುದರಲ್ಲಿ ಅರ್ಥವಿಲ್ಲ.

ಎಂಜಿನ್ನು ಎಷ್ಟೇ ಬಲಿಷ್ಠವಾಗಿದ್ದರೂ ಆ ಬಲವನ್ನು ನೆಲಕ್ಕೆ ಮುಟ್ಟಿಸುವುದು ಗಾಲಿಯ ಹಿಡಿತ. ಆ ಹಿಡಿತದ ಮಿತಿಯೆಂದರೆ, ಗಾಲಿಯ ಮೇಲೆ ಬೀಳುವ ಭಾರವನ್ನು ಘರ್ಷಣಾಂಕದಿಂದ ಗುಣಿಸಿದಷ್ಟು. ಮಳೆಯಲ್ಲಿ ನೆನೆದ ಮಣ್ಣಿನ ಮೇಲೆ ಘರ್ಷಣಾಂಕ 0.3 ಎಂದು ಹಿಡಿಯೋಣ. ಹಿಂದಿನ ಅಚ್ಚಿನ ಮೇಲೆ 1,050 ಕಿಲೋಗ್ರಾಂ ಭಾರವಿದ್ದರೆ ಸಿಗುವ ಹಿಡಿತ 315, ಬೇಕಾದದ್ದೋ 360. ಗಾಲಿಗಳು ನಿಂತಲ್ಲೇ ಗಿರ್ರನೆ ತಿರುಗಿ ಕೆಸರೆರಚುವುವು. ನಾಲ್ಕೂ ಗಾಲಿಗಳು ಎಳೆಯುವಂತಿದ್ದರೆ ಅವುಗಳ ಮೇಲಿನ 2,100 ಕಿಲೋಗ್ರಾಂ ಭಾರವೆಲ್ಲ ಉಪಯೋಗಕ್ಕೆ ಬಂದು, ಹಿಡಿತ 630ಕ್ಕೆ ಏರುತ್ತದೆ. ಮಾಸಿದ ವಾಹನದ ಮೌಲ್ಯವು ನನಗೆ ಮೊದಲು ಮನವರಿಕೆಯಾದದ್ದು ಇಲ್ಲಿ.

ಟ್ರೇಲರು ಇಲ್ಲದಾಗ ವಾಹನದ ತೂಕ 2,000 ತಾನೆ, ಈ 2,100 ಎಲ್ಲಿಂದ ಬಂತು? ಮೂಕಿಯ ಭಾರದಿಂದ! ಟ್ರೇಲರಿನ ತೂಕದಲ್ಲಿ ಹತ್ತರಿಂದ ಹದಿನೈದರಷ್ಟು ಶೇಕಡ ಭಾಗ ಕೊಂಡಿಯ ಮೇಲೆ ಕೂರಬೇಕೆಂಬುದು ರೂಢಿಯ ನಿಯಮ. ಕಡಿಮೆಯಾದರೆ ಟ್ರೇಲರು ಬಾಲದಂತೆ ಅತ್ತಿತ್ತ ಆಡತೊಡಗುತ್ತದೆ. ಕೊಂಡಿ ಹಿಂದಿನ ಅಚ್ಚಿಗಿಂತ 1.2 ಮೀಟರ್ ಹಿಂದಿದ್ದು, ಎರಡು ಅಚ್ಚುಗಳ ನಡುವೆ 2.4 ಮೀಟರ್ ಅಂತರವಿದ್ದರೆ, ಕೊಂಡಿಯ ಮೇಲಿನ 100 ಕಿಲೋಗ್ರಾಂ ಹಿಂದಿನ ಅಚ್ಚಿಗೆ 150 ಆಗಿ ಎರಗುತ್ತದೆ. ಮುಂದಿನ ಅಚ್ಚಿನಿಂದ 50 ಕಿಲೋಗ್ರಾಂ ಕಳೆಯುತ್ತದೆ. ಮುಂದಿನ ಗಾಲಿ ಹಗುರವಾದಷ್ಟೂ ತಿರುವಿನಲ್ಲಿ ಅದು ಚಾಲಕನ ಮಾತು ಕೇಳುವುದು ಕಡಿಮೆ.

ಭಾರವನ್ನು ಅಚ್ಚಿನ ಹಿಂದೆ ಜೋತುಬಿಡುವ ಬದಲು ಅಚ್ಚಿನ ಮೇಲೆಯೇ ಕೂರಿಸಿದರೆ ಈ ದೋಷವಿರದು. ಹೆದ್ದಾರಿಯ ಕಂಟೇನರ್ ಲಾರಿಗಳಲ್ಲಿರುವ ‘ಐದನೆಯ ಗಾಲಿ’ ಎಂಬ ಜೋಡಣೆಯ ಮರ್ಮ ಇದೇ. ಕುದುರೆಗಾಡಿಯ ಮುಂದಿನ ಅಚ್ಚು ತಿರುಗಲೆಂದು ಅಡ್ಡಲಾಗಿಡುತ್ತಿದ್ದ ಚಕ್ರದಿಂದ ಅದಕ್ಕೆ ಆ ಹೆಸರು ಬಂದಿತು. 1914ರಲ್ಲಿ ಡೆಟ್ರಾಯಿಟಿನ ಕಮ್ಮಾರ ಆಗಸ್ಟ್ ಫ್ರೂಹಾಫನು ಮರದ ವ್ಯಾಪಾರಿಯೊಬ್ಬನ ದೋಣಿಯನ್ನು ಸಾಗಿಸಲು ಫೋರ್ಡ್ ಕಾರಿನ ಹಿಂದೆ ಹೂಡುವ ಬಂಡಿಯನ್ನು ಮಾಡಿಕೊಟ್ಟನು. ಅರೆ-ಟ್ರೇಲರುಗಳ ದೊಡ್ಡ ಉದ್ಯಮಕ್ಕೆ ಅದು ನಾಂದಿಯಾಯಿತು. ಅಮೆರಿಕದಲ್ಲಿ ಪಿಕಪ್ಪಿನ ತೊಟ್ಟಿಯೊಳಗೇ ಇಂತಹ ಜೋಡಣೆಯನ್ನು ಕೂರಿಸಿ, ಮನೆಯಷ್ಟು ದೊಡ್ಡ ಟ್ರೇಲರುಗಳನ್ನು ಎಳೆಯುವರು. ನಮ್ಮ ತೋಟದ ದಾರಿಯ ಇಕ್ಕಟ್ಟಾದ ತಿರುವುಗಳಿಗೆ ಗಿಡ್ಡ ಟ್ರೇಲರೇ ತಕ್ಕದ್ದು. ಆದರೆ ತತ್ತ್ವವು ಇಲ್ಲಿಗೂ ಸಲ್ಲುತ್ತದೆ: ಕೊಂಡಿಯು ಅಚ್ಚಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು.

ಇಷ್ಟೆಲ್ಲ ಏರಿನ ಮಾತಾಯಿತು. ಪ್ರಾಣಕ್ಕೆ ಸಂಚಕಾರ ಬರುವುದು ಇಳಿಜಾರಿನಲ್ಲಿ. 3,000 ಕಿಲೋಗ್ರಾಂ ತೂಕ ನೂರು ಮೀಟರ್ ಕೆಳಗಿಳಿದಾಗ ಸುಮಾರು 29 ಲಕ್ಷ ಜೂಲ್ ಪ್ರಚ್ಛನ್ನ ಶಕ್ತಿ ಬಿಡುಗಡೆಯಾಗುತ್ತದೆ. ಎಂಟು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲ ಶಾಖವದು! ಕೆಳಗಿನ ಗೇರಿನಲ್ಲಿ ಇಳಿದರೆ ಇದರ ಬಹುಪಾಲನ್ನು ಎಂಜಿನ್ನೇ ನುಂಗಿಕೊಳ್ಳುತ್ತದೆ. ಇಲ್ಲವಾದರೆ ಎಲ್ಲವೂ ಬ್ರೇಕಿನ ಪಾಲು. ಸಣ್ಣ ಟ್ರೇಲರಿಗೆ ಸ್ವಂತ ಬ್ರೇಕು ಇಲ್ಲದಿದ್ದರೆ ಅದರ ಪಾಲಿನ ಶಾಖವೂ ವಾಹನದ ಬ್ರೇಕಿಗೇ ಬರುವುದು. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಸಾಮಾನ್ಯ ‘ಡಾಟ್ 3’ ವರ್ಗದ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಅದರ ಈ ಮಿತಿ 140ಕ್ಕೆ ಇಳಿಯುತ್ತದೆ. ಮಲೆನಾಡಿನ ಮಳೆಗಾಲಗಳನ್ನು ಕಂಡ ಹಳೆಯ ದ್ರವ ಇಳಿಜಾರಿನಲ್ಲಿ ಕುದಿದರೆ, ಕೊಳವೆಯೊಳಗೆ ಆವಿಯ ಗುಳ್ಳೆಗಳೇಳುವುವು. ದ್ರವವು ಒತ್ತಡವನ್ನು ಗಾಲಿಗೆ ಸಾಗಿಸುತ್ತದೆ, ಆವಿಯಾದರೋ ಕುಗ್ಗಿಬಿಡುತ್ತದೆ. ಚಾಲಕನ ಪಾದ ಕೆಳಗಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ.

ಆದುದರಿಂದ ನಾವು ಪರೀಕ್ಷೆಯನ್ನು ಇಳಿಜಾರಿನಲ್ಲೇ ಮಾಡಿದೆವು, ಟ್ರೇಲರು ಇಲ್ಲದೆ, ನಿಧಾನವಾಗಿ. ಥಳಥಳಿಸುವ ವಾಹನವನ್ನು ಎರಡನೆಯ ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಗೇರು ತಾನಾಗಿ ಕಳಚಿಕೊಂಡಿತು! ಸವೆದ ಗೇರುಪೆಟ್ಟಿಗೆಯ ಲಕ್ಷಣವಿದು. ಅಡಿಯಲ್ಲಿ ತೂರಿ ನೋಡಿದಾಗ, ಕೊಂಡಿಯ ಬಳಿ ಚಾಸಿಯ ಬಿರುಕಿಗೆ ಬೆಸುಗೆ ಹಾಕಿ ಮೇಲೆ ಬಣ್ಣ ಬಳಿದಿದ್ದರು. ಮಾಸಿದ ವಾಹನದ ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಎಲ್ಲೆಡೆಯೂ ಗಟ್ಟಿ ಲೋಹದ ನಾದ ಕೇಳಿಸಿತು. ಎಂಜಿನ್ನು ತಣ್ಣಗಿರುವುದನ್ನು ಮುಟ್ಟಿ ನೋಡಿ ಚಾಲೂ ಮಾಡಿಸಿದೆವು. ಬಿಸಿ ಎಂಜಿನ್ನು ತನ್ನ ರೋಗವನ್ನು ಮರೆಮಾಚುತ್ತದೆ. ಎಣ್ಣೆ ಸುಡುವುದನ್ನು ಸೂಚಿಸುವ ನೀಲಿ ಹೊಗೆ ಬರಲಿಲ್ಲ. ಕೈಬ್ರೇಕು ಏರಿನಲ್ಲಿ ವಾಹನವನ್ನು ಅಲ್ಲಾಡದಂತೆ ಹಿಡಿದು ನಿಲ್ಲಿಸಿತು. ನೋಂದಣಿ ಪತ್ರದ ಚಾಸಿ ಸಂಖ್ಯೆಯೂ ಲೋಹದ ಮೇಲಿನ ಸಂಖ್ಯೆಯೂ ಹೊಂದಿಕೊಂಡವು. ಟ್ರೇಲರಿಗೂ ಪ್ರತ್ಯೇಕ ನೋಂದಣಿ ಅಗತ್ಯವೆಂಬುದನ್ನು ಕೊಳ್ಳುವವರು ಮರೆಯಬಾರದು.

ಮಾವ ಮಾಸಿದ ವಾಹನವನ್ನೇ ಕೊಂಡರು. ಮೊದಲ ಖರ್ಚು ಬಣ್ಣಕ್ಕಲ್ಲ, ಹೊಸ ಬ್ರೇಕು ದ್ರವಕ್ಕೂ ರಬ್ಬರು ಕೊಳವೆಗಳಿಗೂ ಆಯಿತು. ಸಂಜೆ ತೋಟದಿಂದ ಮರಳುವಾಗ ಆಳುಗಳನ್ನು ಟ್ರೇಲರಿನ ಮೂಟೆಗಳ ಮೇಲೆ ಕೂರಿಸುವ ಪದ್ಧತಿ ಕೂಡದೆಂದು ನಾನು ಹಟ ಹಿಡಿದೆ, ಅವರು ಒಪ್ಪಿದರು. ಮೊದಲ ದಿನ ಹೊರೆ ಹೇರಿದ ಮೇಲೆ ಮಾವ ತಾವಾಗಿಯೇ ಟ್ರೇಲರಿನ ಮೂಕಿಯನ್ನು ಎತ್ತಿ ತೂಗಿ ನೋಡಿ, ಹಿಂದಿನ ಮೂಟೆಯೊಂದನ್ನು ಮುಂದಕ್ಕೆ ಸರಿಸಿದರು. “ನಮ್ಮಪ್ಪ ಗಾಡಿ ಕಟ್ಟುವಾಗ ಹೀಗೇ ಮಾಡುತ್ತಿದ್ದರು” ಎಂದರು.