ಎರಡು ಹನಿಯ ಲೆಕ್ಕ

ಬೂತಿನಲ್ಲಿ ಮಗುವಿನ ಬಾಯಿಗೆ ಹಾಕುವ ಎರಡು ಹನಿ ಪೋಲಿಯೊ ಲಸಿಕೆಯಲ್ಲಿರುವುದು ಜೀವಂತ ವೈರಸ್ಸೇ. ಶಕ್ತಿ ಕುಂದಿಸಿದ್ದು, ಅಷ್ಟೆ. ತೀರಾ ಅಪರೂಪಕ್ಕೆ, ಸುಮಾರು 27 ಲಕ್ಷ ಮೊದಲ ಡೋಸ್‌ಗಳಲ್ಲಿ ಒಂದರಂತೆ, ಈ ಹನಿಯೇ ಮಗುವಿನ ಕಾಲಿನ ಸ್ವಾಧೀನ ತಪ್ಪಿಸಬಲ್ಲದು. ವಿಶ್ವ ಆರೋಗ್ಯ ಸಂಸ್ಥೆ ತಾನೇ ಹೇಳುವ ಲೆಕ್ಕವಿದು, ಗುಟ್ಟೇನಲ್ಲ. ಹಾಗಿದ್ದೂ ಕೋಟ್ಯಂತರ ಮಕ್ಕಳಿಗೆ ಹಾಕಿದ್ದು ಸರಿಯೇ? ಪಕ್ಕದಲ್ಲಿ ರೋಗದ ಲೆಕ್ಕವನ್ನೂ ಇಟ್ಟು ನೋಡಬೇಕು. ಪೋಲಿಯೊ ತಗುಲಿದ ಸುಮಾರು 200 ಮಂದಿಯಲ್ಲಿ ಒಬ್ಬರ ಅಂಗ ಶಾಶ್ವತವಾಗಿ ಊನವಾಗುತ್ತದೆ. ಸತ್ತ ವೈರಸ್ಸಿನ ಚುಚ್ಚುಮದ್ದು ಆಗಲೂ ಇತ್ತು, ಅದರಿಂದ ಪೋಲಿಯೊ ಬರುವ ಭಯವಿಲ್ಲ. ಆದರೆ ಹನಿ ಅಗ್ಗ, ಸೂಜಿ ಬೇಡ. ಮೇಲಾಗಿ ಅದು ವೈರಸ್ಸನ್ನು ಕರುಳಿನಲ್ಲೇ ತಡೆಯುತ್ತದೆ. ಮಲದಿಂದ ಕೆಟ್ಟ ನೀರಿನಲ್ಲಿ ಹರಡುವ ರೋಗಕ್ಕೆ ಬೇಕಿದ್ದದ್ದು ಅದೇ. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾಯಿತು. ಕಾರ್ಯಕರ್ತೆಯರು ಎಡಗೈ ಕಿರುಬೆರಳಿಗೆ ಮಸಿ ಹಚ್ಚುತ್ತಾ ಮನೆಮನೆ ಸುತ್ತಿದರು. ಸಹಜ ವೈರಸ್ಸಿನಿಂದ ಬಂದ ಪೋಲಿಯೊ ನಮ್ಮ ದೇಶದಲ್ಲಿ ಕೊನೆಯ ಬಾರಿ ಕಂಡದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ.

ಆದರೆ ಈ ಲೆಕ್ಕ ಒಮ್ಮೆ ಹಾಕಿ ಮುಗಿಸುವಂಥದ್ದಲ್ಲ. ರೋಗ ಕರಗಿದಷ್ಟೂ ಲಸಿಕೆಯ ಸಣ್ಣ ಅಪಾಯ ದೊಡ್ಡದಾಗಿ ಕಾಣುತ್ತದೆ, ಕಾಣಲೂಬೇಕು. ಪೋಲಿಯೊದ ಮೂರು ಬಗೆಯ ವೈರಸ್‌ಗಳಲ್ಲಿ ಎರಡನೆಯದು ಸಹಜ ರೂಪದಲ್ಲಿ ಕೊನೆಯದಾಗಿ ಕಂಡದ್ದು 1999ರಲ್ಲಿ, ಅಲಿಗಢದಲ್ಲಿ. ಆಮೇಲೂ ಹನಿಯಲ್ಲಿ ಉಳಿದ ಆ ಅಂಶವನ್ನು ಜಗತ್ತಿನಾದ್ಯಂತ ತೆಗೆದದ್ದು 2016ರ ಏಪ್ರಿಲ್‌ನಲ್ಲಿ. ತಡವಾಯಿತು ಎನ್ನಬಹುದು. ಆದರೆ ತೆಗೆದದ್ದಕ್ಕೂ ಬೆಲೆ ತೆರಬೇಕಾಯಿತು: ಆ ಬಗೆಯ ವಿರುದ್ಧ ರಕ್ಷಣೆಯಿಲ್ಲದ ಮಕ್ಕಳು ಹೆಚ್ಚಿದರು; ಲಸಿಕೆ ಸರಿಯಾಗಿ ತಲುಪದ ಆಫ್ರಿಕಾದ ಹಲವೆಡೆ ಹನಿಯ ಆ ಎರಡನೆಯ ವೈರಸ್ಸೇ ಮಗುವಿನಿಂದ ಮಗುವಿಗೆ ದಾಟುತ್ತಾ, ಬದಲಾಗಿ, ರೋಗ ಹಬ್ಬಿಸಿತು. "ನೋಡಿ, ಲಸಿಕೆಯೇ ರೋಗ ತಂದಿತು" ಎನ್ನುವವರ ಮಾತು ಅರ್ಧ ನಿಜ. ಉಳಿದರ್ಧ ಏನೆಂದರೆ, ಆ ವೈರಸ್ ಹಬ್ಬುವುದು ಲಸಿಕೆ ಬೀಳದ ಮಕ್ಕಳು ಗುಂಪಾಗಿ ಉಳಿದ ಕಡೆ ಮಾತ್ರ. 2022ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಇಂಥ ವೈರಸ್ಸಿಗೆ ತುತ್ತಾದ ಯುವಕ ಲಸಿಕೆಯನ್ನೇ ಪಡೆದಿರಲಿಲ್ಲ.

ರೋಗವೇ ಇಲ್ಲದ ಮೇಲೆ ಲಸಿಕೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ದೂರವಿಲ್ಲ: ಪಾಕಿಸ್ತಾನ, ಅಫ್ಗಾನಿಸ್ತಾನಗಳಲ್ಲಿ ಸಹಜ ಪೋಲಿಯೊ ಇನ್ನೂ ತೊಲಗಿಲ್ಲ. ಅಡ್ಡ ಪರಿಣಾಮಕ್ಕೆ ಹೆದರಿ ಹಿಂದೆ ಸರಿಯುವ ಬದಲು ಲಸಿಕೆಯ ಕ್ರಮವನ್ನೇ ತಿದ್ದುತ್ತಾ ಬಂದದ್ದು ನಮ್ಮಲ್ಲಿ ಆದ ಒಳ್ಳೆಯ ಕೆಲಸ. ಈಗ ಹನಿಯ ಜೊತೆಗೆ 6ನೇ ವಾರ, 14ನೇ ವಾರ ಮತ್ತು 9ನೇ ತಿಂಗಳಲ್ಲಿ ಸತ್ತ ವೈರಸ್ಸಿನ ಚುಚ್ಚುಮದ್ದೂ ಇದೆ. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದ ಮಗುವಾದರೆ ಹನಿ ಹಾಕಿಸುವ ಮುನ್ನ ವೈದ್ಯರನ್ನು ಕೇಳಿ. ಮಿಕ್ಕವರು ತಾಯಿ ಕಾರ್ಡ್ ತೆಗೆದು, 9ನೇ ತಿಂಗಳ ಚುಚ್ಚುಮದ್ದು ಆಗಿದೆಯೇ ನೋಡಿ. ಆಗಿರದಿದ್ದರೆ ನಿಮ್ಮ ಆಶಾ ಕಾರ್ಯಕರ್ತೆಗೆ ಈ ವಾರವೇ ಹೇಳಿ.